ಗುರುವಾರ ಎರಡೂವರೆಗೆ ಮೆಲುಕು ಗುಂಪು

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ‘ಪ್ರಾರ್ಥನೆ ಅಕ್ಕ’ ಅಂತಲೇ ಕರೆಯುತ್ತಾರೆ. ಗುರುತಿನ ಚೀಟಿಯಲ್ಲಿ ಚಾಪ್ಲಿನ್ ಅಂತ ಇದೆ, ಅಂದರೆ ರೋಗಿಗಳ, ಅವರ ಮನೆಯವರ ಜೊತೆ ಕೂತು ಧೈರ್ಯ ಹೇಳುವ, ಪ್ರಾರ್ಥನೆ ಮಾಡುವ ಕ್ರೈಸ್ತ ಸೇವಕಿ. ಆ ಪದ ರೋಗಿಗಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಾಸನ ಸೀಮೆಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಬೆಳಿಗ್ಗೆ ವಾರ್ಡ್ ಸುತ್ತುತ್ತೇನೆ. ಆಪರೇಷನ್‌ಗೆ ಹೋಗುವವರ ಪಕ್ಕ ಹತ್ತು ನಿಮಿಷ ಕೂರುತ್ತೇನೆ. ಐಸಿಯು ಹೊರಗಿನ ಬೆಂಚಿನ ಮೇಲೆ ರಾತ್ರಿಯೆಲ್ಲ ನಿದ್ದೆಗೆಟ್ಟವರ ಹತ್ತಿರ ಹೋಗಿ, ಏನಾದ್ರೂ ತಿಂದ್ರಾ ಅಂತ ಕೇಳುತ್ತೇನೆ. ಬೇಕು ಅಂದವರಿಗೆ ಪ್ರಾರ್ಥನೆ ಮಾಡುತ್ತೇನೆ. ಬೇಡ ಅಂದರೆ ಸುಮ್ನೆ ಕೂತಿರುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಹಿಂದೂಗಳು, ಮುಸ್ಲಿಮರೇ ಜಾಸ್ತಿ. ಆಲೂಗಡ್ಡೆ ಬೆಳೆಯುವವರು, ಶುಂಠಿ ಹಾಕಿದವರು, ಸಕಲೇಶಪುರದ ಕಡೆ ಕಾಫಿ ತೋಟದ ಲೈನ್ ಮನೆಯವರು. ಅವರ ಹಾಸಿಗೆ ಪಕ್ಕ ನಾನು ಹೋಗುವುದು ಅತಿಥಿಯಾಗಿ.

ಈ ಕೆಲಸದಲ್ಲಿ ಕೇಳಿಸಿಕೊಂಡದ್ದೆಲ್ಲ ಎಲ್ಲಿ ಹೋಗುತ್ತದೆ? ಇದನ್ನು ನಾನು ಯಾರನ್ನೂ ಕೇಳಿರಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ. ನರ್ಸ್‌ಗಳು ಅಳಬೇಕು ಅಂದರೆ ನನ್ನ ರೂಮಿಗೆ ಬರುತ್ತಿದ್ದರು. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಅಳುತ್ತಿದ್ದೆ. ‘ನಿಮಗೇನಕ್ಕ, ದೇವರಿದ್ದಾನೆ’ ಅನ್ನುತ್ತಿದ್ದರು. ಇದ್ದಾನೆ, ನಿಜ. ಆದರೆ ಎದುರಿಗೆ ಕೂತು ಕೇಳುವ ಒಬ್ಬ ಮನುಷ್ಯರೂ ಬೇಕಾಗುತ್ತದೆ.

ಹಾಗಿರುವಾಗ ಹೋದ ವರ್ಷ ಒಂದು ಪತ್ರ ಬಂತು. ಆಸ್ಪತ್ರೆ ಚಾಪ್ಲಿನ್‌ಗಳಿಗೆ ಗುಂಪು ಸೂಪರ್‌ವಿಷನ್, ಅಂದರೆ ಕೆಲಸದಲ್ಲಿ ಮನಸ್ಸಿಗೆ ತಟ್ಟಿದ್ದನ್ನು ಜೊತೆಗೆ ಕೂತು ಮಾತಾಡುವ ಗುಂಪು, ನಡೆಸುವ ತರಬೇತಿ, ಒಟ್ಟು ಆರು ತಿಂಗಳು. ಜೂನ್‌ನಲ್ಲಿ ಐದು ದಿನ, ಸೆಪ್ಟೆಂಬರ್‌ನಲ್ಲಿ ಐದು ದಿನ ಚಿಕ್ಕಮಗಳೂರಿನಲ್ಲಿ ಉಳಿಯಬೇಕು. ನಡುವೆ ನಮ್ಮ ನಮ್ಮ ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಗುಂಪು ನಡೆಸಬೇಕು. ಪ್ರತಿ ಸಲ ನಡೆದದ್ದನ್ನು ಬರೆದು ಕಳಿಸಿ, ಫೋನಿನಲ್ಲಿ ತರಬೇತುದಾರರ ಜೊತೆ ಮಾತಾಡಬೇಕು. ನನಗಿಂತ ಕಿರಿಯರನ್ನು ಕಳಿಸಿ ಅಂತ ಹೇಳೋಣ ಅನ್ನಿಸಿತು. ನಮ್ಮ ಅಯ್ಯನವರು, ಅಂದರೆ ಚರ್ಚಿನ ಪಾದ್ರಿ, ಒಪ್ಪಲಿಲ್ಲ. ‘ನೀವೇ ಹೋಗಿ ಬನ್ನಿ’ ಅಂದರು.

ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ 60 ಚಿಲ್ಲರೆ ಕಿಲೋಮೀಟರ್. ಮಳೆ ಶುರುವಾಗಿತ್ತು. ಗುಡ್ಡದ ಸಾಲು ಮೋಡದೊಳಗೆ ಹೋಗಿಬಿಟ್ಟಿತ್ತು, ಮುಳ್ಳಯ್ಯನಗಿರಿ ಯಾವ ಕಡೆಗಿದೆ ಅಂತಲೂ ಗೊತ್ತಾಗುತ್ತಿರಲಿಲ್ಲ. ತರಬೇತಿ ಕೇಂದ್ರದಲ್ಲಿ ಒದ್ದೆ ಛತ್ರಿಗಳ ಸಾಲು. ನಾವು ಎಂಟು ಜನ: ಮೂವರು ಕ್ಯಾಥೊಲಿಕ್ ಸಿಸ್ಟರ್‌ಗಳು, ಇಬ್ಬರು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಯ್ಯನವರು, ಒಬ್ಬ ಬ್ರದರ್, ನಾನು. ಎಂಟನೆಯವರು ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚಕಿ. ಅವರು ಚಾಪ್ಲಿನ್ ಅಲ್ಲ, ಆದರೂ ಕೇಳಿಕೊಂಡು ಬಂದಿದ್ದರು. ಮುಂದೆ ಗುಂಪಿನಲ್ಲಿ ಅತಿ ಕಷ್ಟದ ಪ್ರಶ್ನೆಗಳನ್ನು ಕೇಳಿದವರು ಅವರೇ.

ತರಬೇತಿ ಕೊಟ್ಟವರು ವೆಲ್ಲೂರಿನಲ್ಲಿ ಕಲಿತು, ಮೂವತ್ತು ವರ್ಷ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯ ಹೆಂಗಸು. ಮೊದಲ ದಿನ ಮೇಡಂ ಅಂದೆವು, ಮೂರನೇ ದಿನಕ್ಕೆ ಅಮ್ಮ ಆದರು. ಅವರು ಮೊದಲು ಎತ್ತಿದ್ದು ಪದದ ವಿಷಯ. ‘ನಿಮ್ಮ ಆಸ್ಪತ್ರೆಗೆ ಹೋಗಿ ಸೂಪರ್‌ವಿಷನ್ ಗುಂಪು ಮಾಡ್ತೀನಿ ಅಂದ್ರೆ ಎಷ್ಟು ಜನ ಬರ್ತಾರೆ?’ ಅಂತ ಕೇಳಿದರು. ಯಾರೂ ಬರುವುದಿಲ್ಲ. ಸೂಪರ್‌ವೈಸರ್ ಅಂದರೆ ಹಾಜರಿ ನೋಡುವವರು, ಫಿನಾಯಿಲ್ ಹಾಕಿ ಒರೆಸಿದ್ದೀಯಾ ಅಂತ ಕೇಳುವವರು. ಮೇಲ್ವಿಚಾರಣೆ ಅಂದರೆ ಇನ್ನೂ ಭಯ, ಅದರಲ್ಲಿ ವಿಚಾರಣೆಯೇ ಇದೆ.

ಒಂದು ಇಡೀ ಮಧ್ಯಾಹ್ನ ಪದ ಹುಡುಕಿದೆವು. ಮೂಡಿಗೆರೆ ಕಡೆಯಿಂದ ಬಂದಿದ್ದ ಸಿಸ್ಟರ್ ಒಬ್ಬರು, ಮನೆಯಲ್ಲಿ ದನ ಸಾಕಿದವರು, ಮೆಲ್ಲಗೆ ಹೇಳಿದರು: ‘ಹಸು ಮೇಯೋವಾಗ ಅಗಿಯೋದಿಲ್ಲ, ಸುಮ್ನೆ ನುಂಗತ್ತೆ. ಕೊಟ್ಟಿಗೆಗೆ ಬಂದು ಮಲಗಿದ ಮೇಲೆ ವಾಪಸ್ ಬಾಯಿಗೆ ತಂದು ಅಗಿಯತ್ತೆ. ನಾವು ವಾರ್ಡಲ್ಲಿ ಮಾಡೋದೂ ಹಂಗೇ ಅಲ್ವಾ? ನುಂಗ್ತೀವಿ, ಅಷ್ಟೇ. ಅಗಿಯೋಕೆ ಕೊಟ್ಟಿಗೆ ಇಲ್ಲ.’ ಅಮ್ಮ ಎದ್ದು ಬೋರ್ಡಿನ ಮೇಲೆ ‘ಮೆಲುಕು ಗುಂಪು’ ಅಂತ ಬರೆದರು. ಅಂದಿನಿಂದ ಅದೇ ಹೆಸರು.

ಈ ರೀತಿಯ ಕಲಿಕೆ ಎಲ್ಲಿಂದ ಬಂತು ಅನ್ನುವುದನ್ನೂ ಅಮ್ಮ ಹೇಳಿದರು. ಅಮೆರಿಕದ ಆಂಟನ್ ಬಾಯ್ಸನ್ ಅನ್ನುವ ಪಾದ್ರಿ 1920ರಲ್ಲಿ ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಗುಣವಾದ ಮೇಲೆ ವೂಸ್ಟರ್ ಊರಿನ ಮಾನಸಿಕ ಆಸ್ಪತ್ರೆಗೆ ಚಾಪ್ಲಿನ್ ಆಗಿ ಹೋದರು. 1925ರ ಬೇಸಿಗೆಯಲ್ಲಿ ದೇವಶಾಸ್ತ್ರ ಓದುವ ಕೆಲವು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿದರು. ಪುಸ್ತಕ ಓದುವಷ್ಟೇ ಗಮನದಿಂದ ರೋಗಿಗಳನ್ನು ಓದಿ ಅಂತ ಅವರಿಗೆ ಕಲಿಸಿದರು. ಚಾಪ್ಲಿನ್‌ಗಳ ತರಬೇತಿ ಬೆಳೆದದ್ದು ಅಲ್ಲಿಂದ. ಇನ್ನೊಂದು ಎಳೆ ಲಂಡನ್ನಿನದು. ಹಂಗೆರಿಯಿಂದ ಬಂದಿದ್ದ ಮೈಕೆಲ್ ಬಾಲಿಂಟ್ ಮತ್ತು ಅವರ ಹೆಂಡತಿ ಎನಿಡ್ 1950ರ ದಶಕದಲ್ಲಿ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಸಾಮಾನ್ಯ ವೈದ್ಯರನ್ನು ಗುಂಪಾಗಿ ಕೂರಿಸಿ, ಅವರವರ ರೋಗಿಗಳ ಬಗ್ಗೆ ಮಾತಾಡಿಸುತ್ತಿದ್ದರು. ಯಾವ ಔಷಧಿ ಕೊಟ್ಟಿರಿ ಅನ್ನುವುದಕ್ಕಿಂತ, ಆ ರೋಗಿಗೂ ನಿಮಗೂ ನಡುವೆ ಏನು ನಡೆಯಿತು ಅನ್ನುವುದೇ ಅಲ್ಲಿ ಮುಖ್ಯ. ನಾವು ಕಲಿತದ್ದು ಈ ಎರಡೂ ಸೇರಿದ ಒಂದು ರೀತಿ.

ಕೂರುವ ಕ್ರಮ ಸರಳ. ಒಂದೂವರೆ ಗಂಟೆ. ಆರೇಳು ಜನ ವೃತ್ತದಲ್ಲಿ, ಮಧ್ಯೆ ಮೇಜು ಇಲ್ಲ. ಒಬ್ಬರು ತಮ್ಮ ಮನಸ್ಸಿನಲ್ಲಿ ಉಳಿದ ಒಂದು ಭೇಟಿಯನ್ನು ಹೇಳುತ್ತಾರೆ, ಚೀಟಿ ನೋಡದೆ, ಹದಿನೈದು ನಿಮಿಷ. ಉಳಿದವರು ಗೊತ್ತಾಗದ್ದನ್ನು ಕೇಳಬಹುದು: ವಯಸ್ಸೆಷ್ಟು, ಜೊತೆಗೆ ಯಾರಿದ್ದರು, ಅಷ್ಟೇ. ಆಮೇಲೆ ಹೇಳಿದವರು ತಮ್ಮ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅರ್ಧ ಗಂಟೆ ಅವರು ಬಾಯಿ ಬಿಡುವಂತಿಲ್ಲ. ಕೇಳಿಸಿಕೊಂಡವರು ಅದನ್ನು ತಮ್ಮದಾಗಿ ಮಾಡಿಕೊಂಡು ಮಾತಾಡುತ್ತಾರೆ. ನಾನು ಆ ರೋಗಿಯಾಗಿದ್ದರೆ ನನಗೆ ಹೀಗಾಗುತ್ತಿತ್ತು, ಆ ನರ್ಸ್ ಆಗಿದ್ದರೆ ಹೀಗೆ ಅಂತ. ಕೊನೆಗೆ ಕುರ್ಚಿ ಮತ್ತೆ ಒಳಗೆ ಬರುತ್ತದೆ.

ಆ ಒಂದಡಿ ಹಿಂದಕ್ಕೆ ಸರಿಯುವುದು ಎಷ್ಟು ದೊಡ್ಡದು ಅಂತ ಕೂತು ನೋಡಿದರೇ ಗೊತ್ತಾಗುವುದು. ನಿಮ್ಮ ಕಥೆಯನ್ನು ಬೇರೆಯವರು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಸಮಜಾಯಿಷಿ ಕೊಡುವ ಹಾಗಿಲ್ಲ. ಬರೀ ಕೇಳಬೇಕು.

ನಡೆಸುವವರಿಗೆ ಅಮ್ಮ ಹೇಳಿಕೊಟ್ಟದ್ದರಲ್ಲಿ ಎರಡು ವಿಷಯ ನನ್ನನ್ನು ಇವತ್ತಿಗೂ ಹಿಡಿದಿವೆ. ಒಂದು, ಪ್ರಶ್ನೆಯ ವೇಷ ಹಾಕಿಕೊಂಡು ಬರುವ ಬುದ್ಧಿವಾದ. ‘ಅವರ ಮಗನಿಗೆ ಫೋನ್ ಮಾಡಿದ್ರಾ?’ ಕೇಳುವುದಕ್ಕೆ ಪ್ರಶ್ನೆ. ಆದರೆ ಒಳಗಿರುವುದು ‘ಮಾಡಬೇಕಿತ್ತು’. ‘ಯಾಕೆ’ ಅನ್ನುವ ಪದವೂ ಹಾಗೇ. ‘ಯಾಕೆ ಹೊರಗೆ ಬಂದ್ರಿ?’ ಅಂದರೆ ಎದುರಿಗಿರುವವರು ಕಟಕಟೆಯಲ್ಲಿ ನಿಂತಂತೆ ಆಗುತ್ತಾರೆ. ‘ಹೊರಗೆ ಬಂದಾಗ ಏನಾಯ್ತು?’ ಅಂದರೆ ಕೂತೇ ಮಾತಾಡುತ್ತಾರೆ.

ಇನ್ನೊಂದು ನಮ್ಮ ಭಾಷೆಯದು. ಇಂಗ್ಲಿಷಿನ ಪಾಠಗಳಲ್ಲಿ ಎಲ್ಲಾ ಕಡೆ ನಿಮ್ಮ ಭಾವನೆ ಏನು ಅಂತ ಕೇಳು ಅಂತಿರುತ್ತದೆ. ನಮ್ಮ ನರ್ಸ್‌ಗಳಿಗೆ ‘ನಿಮಗೆ ಹೇಗನ್ನಿಸ್ತು?’ ಅಂದರೆ ‘ಬೇಜಾರಾಯ್ತು’ ಅನ್ನುತ್ತಾರೆ. ಅಲ್ಲಿಗೆ ಬಾಗಿಲು ಮುಚ್ಚಿತು. ಅಮ್ಮ ಹೇಳಿದರು, ‘ಮೈಗೆ ಏನಾಯ್ತು ಅಂತ ಕೇಳಿ ನೋಡಿ’. ಆಗ ಬೇರೆಯೇ ಮಾತು ಬರುತ್ತದೆ. ಎದೆ ಧಸಕ್ ಅಂತು. ಕೈಕಾಲು ಆಡಲಿಲ್ಲ. ಕರುಳು ಕಿವುಚಿದಂಗಾಯ್ತು. ಗಂಟಲಲ್ಲಿ ಏನೋ ಸಿಕ್ಕೊಂಡಂಗೆ, ಎರಡು ದಿನ ಊಟ ಸೇರಲಿಲ್ಲ. ಕನ್ನಡದಲ್ಲಿ ಸಂಕಟ ಇರುವುದು ಮೈಯಲ್ಲಿ. ಅದನ್ನು ಕಂಡುಕೊಂಡ ದಿನ ನನಗೆ ತುಂಬಾ ಖುಷಿಯಾಯಿತು. ಅಷ್ಟು ವರ್ಷ ಕೇಳುತ್ತಿದ್ದ ಮಾತುಗಳೇ, ಆದರೆ ಅವು ಉತ್ತರ ಅಂತ ನನಗೆ ಹೊಳೆದಿರಲಿಲ್ಲ.

ಜುಲೈನಲ್ಲಿ ನನ್ನ ಗುಂಪು ಶುರುವಾಯಿತು. ಗುರುವಾರ ಮಧ್ಯಾಹ್ನ ಎರಡೂವರೆಗೆ. ಬೆಳಗಿನ ಶಿಫ್ಟ್ ಮುಗಿಯುವ, ಮಧ್ಯಾಹ್ನದ್ದು ಶುರುವಾಗುವ ಹೊತ್ತು. ಹಳೆಯ ಸ್ಟೋರ್ ರೂಮನ್ನು ಗುಡಿಸಿ ಕುರ್ಚಿ ಹಾಕಿದೆ. ಬಂದವರು ಆರು ಜನ: ಮೂವರು ನರ್ಸ್‌ಗಳು (ಅವರಲ್ಲೊಬ್ಬರು ಇನ್‌ಚಾರ್ಜ್ ಸಿಸ್ಟರ್), ಮನೆಮನೆಗೆ ಹೋಗಿ ಕ್ಯಾನ್ಸರ್ ರೋಗಿಗಳನ್ನು ನೋಡುವ ಪ್ಯಾಲಿಯೇಟಿವ್ ಕೇರ್ ಹುಡುಗ, ಹೊಸದಾಗಿ ಬಂದಿದ್ದ ಕಿರಿಯ ಚಾಪ್ಲಿನ್, ಮತ್ತು ನಾವೆಲ್ಲ ಆಯಮ್ಮ ಅಂತ ಕರೆಯುವ ವಾರ್ಡ್ ಆಯಾ. ಆಯಮ್ಮನನ್ನು ಕರೆದದ್ದಕ್ಕೆ ಒಂದಿಬ್ಬರಿಗೆ ಅಸಮಾಧಾನ ಇತ್ತು. ಕೇಸ್ ಬಗ್ಗೆ ಮಾತಾಡುವಾಗ ಅವರು ಯಾಕೆ ಅಂದರು. ಸತ್ತವರ ಮೈ ಒರೆಸಿ, ಬಟ್ಟೆ ಉಡಿಸಿ, ಮನೆಯವರ ಕೈಗೆ ಕೊಡುವವರು ಅವರು. ನಮ್ಮ ಆಸ್ಪತ್ರೆಯಲ್ಲಿ ಸಾವನ್ನು ಅವರಷ್ಟು ಹತ್ತಿರದಿಂದ ಕಂಡವರು ಇನ್ಯಾರೂ ಇಲ್ಲ. ನಾನು ಪಟ್ಟು ಬಿಡಲಿಲ್ಲ.

ಆದರೆ ಕರೆದ ಮಾತ್ರಕ್ಕೆ ಬಂದು ಕೂರುತ್ತಾರೆ ಅಂತ ಅಲ್ಲ. ಆಯಮ್ಮ ತನಗೆ ಹಾಕಿದ ಕುರ್ಚಿ ಬಿಟ್ಟು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. ಇನ್‌ಚಾರ್ಜ್ ಸಿಸ್ಟರ್ ಎದುರು ಸಮಸಮ ಕೂತು ಅವರಿಗೆ ಅಭ್ಯಾಸವಿಲ್ಲ. ಬಲವಂತ ಮಾಡಲಿಲ್ಲ. ಮುಂದಿನ ಸಲ ಎಲ್ಲರಿಗೂ ಸ್ಟೂಲ್‌ಗಳನ್ನೇ ಹಾಕಿಸಿದೆ.

ಮೊದಲ ದಿನ ಗುಂಪಿನ ಕಟ್ಟುಪಾಡು ಹೇಳಿದೆ. ಇಲ್ಲಿ ಆಡಿದ್ದು ಇಲ್ಲಿಯೇ ಇರಬೇಕು, ಕ್ಯಾಂಟೀನಿಗೆ ಹೋಗಬಾರದು. ರೋಗಿಯ ಹೆಸರು ಹೇಳಬಾರದು. ಆದರೆ ಗುಟ್ಟಿಗೂ ಒಂದು ಗಡಿ ಇದೆ. ಯಾರದೋ ಜೀವಕ್ಕೆ ಅಪಾಯ ಅನ್ನುವ ವಿಷಯ ಬಂದರೆ ಸುಮ್ಮನಿರಲಾಗದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಇದನ್ನು ಶುರುವಿನಲ್ಲೇ ಹೇಳಿಬಿಡಬೇಕು. ನಂಬಿ ಬಾಯಿಬಿಟ್ಟ ಮೇಲೆ ಹೇಳಿದರೆ ಅದು ಮೋಸ.

ಎರಡನೇ ಸಲ ನಾನು ತಪ್ಪಿದೆ. ಒಬ್ಬ ನರ್ಸ್, ಮೂವತ್ತರ ಒಳಗಿನ ಹುಡುಗಿ, ಹುಟ್ಟಿದ ಎರಡನೇ ದಿನಕ್ಕೆ ಹೋದ ಒಂದು ಮಗುವಿನ ವಿಷಯ ತಂದಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟದ್ದು ಇವಳು. ಹೇಳುತ್ತಾ ಹೇಳುತ್ತಾ ಎರಡೂ ಕೈಯನ್ನು ಆ ಮಗು ಇನ್ನೂ ಅಲ್ಲೇ ಇದೆ ಅನ್ನುವ ಹಾಗೆ ಹಿಡಿದುಕೊಂಡಳು. ದನಿ ಒಡೆಯಿತು. ನಾನು ತಕ್ಷಣ ಎದ್ದು ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟು, ‘ಪ್ರಾರ್ಥನೆ ಮಾಡೋಣ’ ಅಂದೆ. ಮಾಡಿದೆ. ಎಲ್ಲರೂ ಆಮೆನ್ ಅಂದರು. ಅವಳು ಕಣ್ಣೊರೆಸಿಕೊಂಡು ‘ಥ್ಯಾಂಕ್ಸ್ ಅಕ್ಕ’ ಅಂದಳು. ಇನ್ನೂ ಐವತ್ತು ನಿಮಿಷ ಇತ್ತು. ಯಾರಿಗೂ ಮಾತು ಬರಲಿಲ್ಲ. ಡ್ಯೂಟಿ ಚಾರ್ಟ್ ಬಗ್ಗೆ ಏನೇನೋ ಮಾತಾಡಿ ಎದ್ದೆವು. ಮುಂದಿನ ಎರಡು ಸಲ ಅವಳು ಬರಲಿಲ್ಲ.

ಎಲ್ಲಾ ಬರೆದು ಕಳಿಸಿದೆ. ಪ್ರಾರ್ಥನೆಯಿಂದ ಗುಂಪಿಗೆ ಸಮಾಧಾನ ಸಿಕ್ಕಿತು ಅಂತಲೂ ಬರೆದಿದ್ದೆ. ಅಮ್ಮ ಫೋನ್ ಮಾಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಆ ಪ್ರಾರ್ಥನೆ ಯಾರಿಗೆ ಬೇಕಿತ್ತು?’

ನನಗೆ ಸಿಟ್ಟು ಬಂತು. ಪ್ರಾರ್ಥನೆ ನನ್ನ ಬದುಕು. ನನ್ನ ಅವ್ವ ಸೀಮೆಎಣ್ಣೆ ದೀಪದ ಮುಂದೆ ಮಂಡಿಯೂರಿ ಕಲಿಸಿದ್ದು. ಅದರ ಮೇಲೆ ಪ್ರಶ್ನೆಯೇ? ಎರಡು ದಿನ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಮೂರನೇ ದಿನ ಬಟ್ಟೆ ಒಗೆಯುವಾಗ ತಾನಾಗಿ ಹೊಳೆಯಿತು. ಅವಳು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹಾಸಿಗೆ ಪಕ್ಕ ಕೇಳದೆ ಪ್ರಾರ್ಥನೆ ಮಾಡದವಳು ನಾನು. ಆ ರೂಮಿನಲ್ಲಿ ಅವಳ ಖಾಲಿ ಕೈಗಳನ್ನು ನೋಡಲಾಗದೆ ಮಾಡಿದೆ. ನನಗೆ ಬೇಕಿತ್ತು.

ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಎರಡನೇ ಸಲ ಹೋದಾಗ ಇದನ್ನೇ ತೆಗೆದುಕೊಂಡು ಹೋದೆ. ಹೇಳಿ ಮುಗಿಸಿ ಕುರ್ಚಿ ಹಿಂದಕ್ಕೆ ಎಳೆದುಕೊಂಡೆ. ಆಗ ನಡೆದದ್ದನ್ನು ನಾನು ಮರೆಯಲಾರೆ. ಗುಂಪು ನನ್ನನ್ನು ಸಮಾಧಾನ ಮಾಡುವುದಕ್ಕೆ ನುಗ್ಗಿತು. ‘ಅಕ್ಕ ಮಾಡಿದ್ದು ಸರಿಯೇ, ಪ್ರಾರ್ಥನೆ ಯಾವತ್ತೂ ವ್ಯರ್ಥ ಆಗಲ್ಲ’ ಅಂದರು ಒಬ್ಬ ಅಯ್ಯನವರು. ‘ಆ ಹುಡುಗಿಗೆ ರಜೆ ಇದ್ದಿರಬೇಕು, ಅದಕ್ಕೇ ಬಂದಿಲ್ಲ’ ಅಂದರು ಇನ್ನೊಬ್ಬರು. ಬ್ರದರ್ ಒಂದು ಬೈಬಲ್ ವಚನ ಹೇಳಿದರು. ಐದು ನಿಮಿಷದಲ್ಲಿ ಎಲ್ಲಾ ಸರಿಹೋಗಿತ್ತು. ನಾನು ಹಿಂದೆ ಕೂತು ಉಸಿರು ಕಟ್ಟಿದಂತೆ ಆಗಿದ್ದೆ. ನನ್ನ ಕಥೆಯನ್ನು ಯಾರೂ ಮುಟ್ಟಿರಲಿಲ್ಲ.

ಅಮ್ಮ ಕೇಳಿದರು, ‘ಈಗ, ಈ ರೂಮಲ್ಲಿ ಏನು ನಡೀತಿದೆ?’

ಯಾರೂ ಮಾತಾಡಲಿಲ್ಲ. ತಗಡಿನ ಮೇಲೆ ಮಳೆ ಸದ್ದು. ಆಮೇಲೆ ಆ ಆಪ್ತ ಸಮಾಲೋಚಕಿ ನಿಧಾನಕ್ಕೆ ಹೇಳಿದರು: ‘ಅಕ್ಕ ಆ ಹುಡುಗಿಗೆ ಮಾಡಿದ್ದನ್ನೇ ನಾವು ಈಗ ಅಕ್ಕನಿಗೆ ಮಾಡ್ತಿದೀವಿ.’

ನನ್ನ ಕಣ್ಣಲ್ಲಿ ನೀರು ತುಂಬಿತು. ಹೌದು. ಹಾಸಿಗೆ ಪಕ್ಕ ಸಹಿಸಲಾಗದ್ದು ನನ್ನ ಗುಂಪಿಗೆ ಬಂತು, ನನ್ನ ಗುಂಪಿನಲ್ಲಿ ಸಹಿಸಲಾಗದ್ದು ಇಲ್ಲಿಗೆ ಬಂತು. ಗೊತ್ತಿಲ್ಲದೆ ಒಂದೇ ಆಟ ಮೂರು ಕಡೆ ನಡೆದಿತ್ತು. ಇದನ್ನು 1955ರಲ್ಲೇ ಹೆರಾಲ್ಡ್ ಸರ್ಲ್ಸ್ ಅನ್ನುವ ಅಮೆರಿಕದ ಮನೋವೈದ್ಯರು ಗುರುತಿಸಿ ಬರೆದಿದ್ದಾರೆ ಅಂತ ಆಮೇಲೆ ಅಮ್ಮ ತಿಳಿಸಿದರು. ರೋಗಿಗೂ ಚಿಕಿತ್ಸಕರಿಗೂ ನಡುವೆ ನಡೆದದ್ದು ಚಿಕಿತ್ಸಕರಿಗೂ ಅವರ ಗುರುವಿಗೂ ನಡುವೆ ಮತ್ತೆ ನೆರಳಾಡುತ್ತದೆ. ನಡೆಸುವವರ ಕೆಲಸ ಆ ನೆರಳನ್ನು ನೋಡುವುದು. ಕಥೆ ಏನು ಅನ್ನುವುದರ ಜೊತೆಗೆ, ಕಥೆ ಕೇಳುತ್ತಾ ಈ ರೂಮು ಏನಾಗುತ್ತಿದೆ ಅನ್ನುವುದನ್ನೂ ನೋಡಬೇಕು. ಎಲ್ಲರಿಗೂ ನಿದ್ದೆ ಬಂದಂತಾದರೆ, ಎಲ್ಲರೂ ಒಟ್ಟಿಗೆ ಬುದ್ಧಿ ಹೇಳಲು ಹೊರಟರೆ, ಅದೇ ಸುದ್ದಿ.

ಅವತ್ತು ನಾನು ಇನ್ನೂ ಮಾತಾಡಬೇಕೆಂದಿದ್ದೆ. 2021ರ ಮೇ ತಿಂಗಳಲ್ಲಿ, ಕೊರೋನಾ ಎರಡನೇ ಅಲೆಯಲ್ಲಿ, ನಮ್ಮ ಮನೆಯಲ್ಲಿ ಆದದ್ದರ ಬಗ್ಗೆ. ಅಮ್ಮ ಮೆಲ್ಲಗೆ ತಡೆದರು. ‘ಇದು ಈ ಗುಂಪಿಗಿಂತ ದೊಡ್ಡದು. ನಾವಿಬ್ರೂ ಸಂಜೆ ಕೂರೋಣ.’ ಆಗ ಸ್ವಲ್ಪ ನೋವಾಯಿತು. ಮೆಲುಕು ಗುಂಪು ಕೌನ್ಸೆಲಿಂಗ್ ಅಲ್ಲ. ನಮ್ಮ ಸ್ವಂತ ಗಾಯ ಬಾಗಿಲ ತನಕ ಬರುತ್ತದೆ, ಬರಲೇಬೇಕು. ಆದರೆ ಅದನ್ನು ಅಲ್ಲಿ ಬಿಚ್ಚಿ ಹರಡಿದರೆ ಗುಂಪು ಕೆಲಸ ಬಿಟ್ಟು ನರಳುತ್ತದೆ. ಆ ಸಂಜೆ ಕಾಫಿ ಕುಡಿಯುತ್ತಾ ಎರಡು ಗಂಟೆ ಮಾತಾಡಿದೆವು. ಅದು ಇಲ್ಲಿ ಬೇಡ.

ಊರಿಗೆ ಬಂದವಳೇ ಆ ನರ್ಸ್ ಹುಡುಗಿಯನ್ನು ಹುಡುಕಿಕೊಂಡು ಹೋದೆ. ‘ಅವತ್ತು ನಿನ್ನ ಮಾತನ್ನ ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಪ್ಪಾಯ್ತು’ ಅಂದೆ. ಅವಳು ಏನೂ ಹೇಳಲಿಲ್ಲ. ಮುಂದಿನ ಗುರುವಾರ ಬಂದಳು.

ಮುಂದೆ ಹೇಳುವುದನ್ನು ಆಯಮ್ಮನ ಒಪ್ಪಿಗೆ ಪಡೆದು, ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆರನೇ ಸಲ ಇರಬೇಕು. ‘ಇವತ್ತು ಯಾರು ತಂದಿದ್ದೀರಿ?’ ಅಂದೆ. ಯಾರೂ ಇಲ್ಲ. ಹೀಗಾದಾಗ ಕಾಯಬೇಕು ಅಂತ ಕಲಿತಿದ್ದೆ. ಕಾದೆ. ಗೋಡೆ ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ಬಾಗಿಲ ಪಕ್ಕದಿಂದ ಆಯಮ್ಮ ಅಂದರು, ‘ನಾನು ಏಳ್ಲಾ?’ ಎದ್ದು ಹೋಗುತ್ತೀನಿ ಅನ್ನುತ್ತಿದ್ದಾರೆ ಅಂದುಕೊಂಡೆ. ಅವರು ಕೇಳಿದ್ದು ಹೇಳಲಾ ಅಂತ.

ಆಲೂರು ಕಡೆಯ ಒಬ್ಬ ಮುದುಕಪ್ಪ. ನಸುಕಿನ ನಾಲ್ಕಕ್ಕೆ ಜೀವ ಹೋಯಿತು. ಹೆಂಡತಿ ಒಬ್ಬಳೇ ಇದ್ದಳು, ಮಗ ಬೆಂಗಳೂರಿನಿಂದ ಹೊರಟಿದ್ದ. ಆಯಮ್ಮ ಮೈ ಒರೆಸುತ್ತಿದ್ದರು. ಸೊಂಟದಲ್ಲಿ ಉಡಿದಾರ, ಅದರಲ್ಲೊಂದು ತಾಯಿತ. ದಾರ ಡ್ರೆಸ್ಸಿಂಗ್‌ನ ಪ್ಲಾಸ್ಟರಿಗೆ ಅಂಟಿಕೊಂಡಿತ್ತು. ಹೆಂಡತಿ ಹೇಳಿದಳಂತೆ, ‘ಅದನ್ನ ತೆಗೀಬ್ಯಾಡಿ, ಮಗ ಬಂದು ತೆಗೀಲಿ.’ ಅಷ್ಟರಲ್ಲಿ ಡ್ಯೂಟಿಯಲ್ಲಿದ್ದವರು ಬಂದು, ‘ಕತ್ತರಿಸಿ ಬೇಗ, ಬೆಡ್ ಬೇಕು’ ಅಂದರು. ಎಮರ್ಜೆನ್ಸಿಯಲ್ಲಿ ಇನ್ನೊಬ್ಬರು ಕಾಯುತ್ತಿದ್ದರು. ಆಯಮ್ಮ ಕತ್ತರಿಸಿದರು.

‘ಕತ್ರಿ ಸದ್ದು ಬಂತು ಕಣಕ್ಕ. ಆಯಮ್ಮ ನನ್ ಮುಖಾನೇ ನೋಡುದ್ಲು. ಕೈಗೆ ಕೊಡಕ್ಕೋದೆ, ಈಸ್ಕೊಳ್ಳಿಲ್ಲ.’ ಆ ಹೆಂಗಸನ್ನೂ ಅವರು ಆಯಮ್ಮ ಅಂತಲೇ ಕರೆದರು.

ಹೇಳುತ್ತಾ ಅವರು ಸೆರಗಿನ ತುದಿಯನ್ನು ಮುಂದಕ್ಕೆ ತಂದುಕೊಂಡರು. ಗಂಟು ಬಿಚ್ಚಿದರು. ಆಸ್ಪತ್ರೆಯ ನೀಲಿ ಸೀರೆ, ಸಣ್ಣ ಬಿಗಿ ಗಂಟು, ಬಿಚ್ಚುವುದಕ್ಕೆ ಹಲ್ಲು ಬೇಕಾಯಿತು. ಒಳಗೆ ಬೆವರಿಗೆ ಕಪ್ಪಾದ ದಾರ, ಒಂದು ಕಡೆ ನೀಟಾಗಿ ಕತ್ತರಿಸಿದ್ದು. ಅದರ ಜೊತೆ ತಾಮ್ರದ ತಾಯಿತ, ಅಂಚು ಸವೆದಿತ್ತು. ಅಂಗೈ ಮೇಲೆ ಇಟ್ಟುಕೊಂಡು ನಮಗೆ ತೋರಿಸಿದರು.

ನನ್ನ ಮೈಯೆಲ್ಲ ಎದ್ದು ಹೋಗು ಅನ್ನುತ್ತಿತ್ತು. ಅವರ ಕೈ ಹಿಡಿದುಕೊಳ್ಳಬೇಕು, ತಪ್ಪು ನಿಮ್ಮದಲ್ಲ ಅನ್ನಬೇಕು. ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತೆ. ಪ್ಯಾಲಿಯೇಟಿವ್ ಹುಡುಗ ತಲೆ ತಗ್ಗಿಸಿದ್ದ. ಇನ್‌ಚಾರ್ಜ್ ಸಿಸ್ಟರ್ ಮುಖ ಕೆಂಪಾಗಿತ್ತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಎರಡು ನಿಮಿಷ ಇರಬಹುದು.

ಮಾತಾಡಿದ್ದು ಆ ನರ್ಸ್ ಹುಡುಗಿ. ‘ಎಷ್ಟು ದಿನದಿಂದ ಇಟ್ಕೊಂಡಿದೀರ?’

‘ಇಪ್ಪತ್ತೆರಡು ದಿನ ಆಯ್ತು. ದಿನಾ ಸೀರೆ ಬದ್ಲಾಯಿಸ್ದಾಗ ಗಂಟೂ ಬದ್ಲಾಯಿಸ್ತೀನಿ.’

ಆಯಮ್ಮ ಸ್ಟೂಲನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದರು, ಹಿಂದೆ ಬಾಗಿಲೇ ಇತ್ತು. ಹಾಗಾಗಿ ನಾವೇ ಎಲ್ಲರೂ ಒಂದಡಿ ಮುಂದಕ್ಕೆ ಸರಿದು ಕೂತೆವು. ಅರ್ಧ ಗಂಟೆ ಮಾತು ನಡೆಯಿತು. ಒಬ್ಬಳು ಆ ಹೆಂಡತಿಯಾಗಿ ಮಾತಾಡಿದಳು: ‘ನಾನು ಇಸ್ಕೊಂಡಿದ್ರೆ, ಕತ್ತರಿಸಿದ್ದು ಸರಿ ಅಂದಂಗಾಗ್ತಿತ್ತು.’ ಇನ್‌ಚಾರ್ಜ್ ಸಿಸ್ಟರ್ ಬಹಳ ಹೊತ್ತಿನ ಮೇಲೆ, ‘ಅವತ್ತು ನಾನಿದ್ದಿದ್ದರೂ ಬೇಗ ಅಂತಲೇ ಅಂತಿದ್ದೆ. ನಾನು ದಿನಾ ಅನ್ನೋ ಮಾತು ಅದು’ ಅಂದರು. ನಾನು ಆಡಿದ್ದು ಒಂದೇ ಮಾತು. ಎಲ್ಲರೂ ಬೆಡ್ ಕೊರತೆಯ ಬಗ್ಗೆ, ಆಡಳಿತದ ಬಗ್ಗೆ ಮಾತಿಗಿಳಿದಾಗ, ‘ದಾರ ಇನ್ನೂ ಆಯಮ್ಮನ ಕೈಯಲ್ಲೇ ಇದೆ’ ಅಂದೆ. ಮಾತು ಮತ್ತೆ ದಾರಕ್ಕೆ ಬಂತು.

ಕೊನೆಗೆ ಆಯಮ್ಮ ಅಂದರು, ‘ಇದು ನಂದಲ್ಲ. ಮಗನಿಗೆ ಸೇರ್ಬೇಕು.’ ನಾನು, ‘ಪ್ರಾರ್ಥನೆ ಮಾಡಬೇಕಾ?’ ಅಂತ ಕೇಳಿದೆ. ಅವರು ತಲೆಯಾಡಿಸಿದರು. ‘ಈಗ ಬ್ಯಾಡ ಕಣಕ್ಕ.’

ರೆಕಾರ್ಡ್ ಸೆಕ್ಷನ್‌ನವರಿಗೆ ಹೇಳಿ, ಅವರ ಮೂಲಕವೇ ಆ ಮಗನಿಗೆ ಫೋನ್ ಮಾಡಿಸಿದೆವು. ಹಾಸನಾಂಬ ಜಾತ್ರೆಯ ಸಮಯಕ್ಕೆ ಊರಿಗೆ ಬರುತ್ತೀನಿ ಅಂದ. ಬಂದ. ಒಪಿಡಿ ಮುಂದಿನ ಹೊಂಗೆ ಮರದ ಕೆಳಗೆ ಆಯಮ್ಮ ಗಂಟು ಬಿಚ್ಚಿ ಕೊಟ್ಟರು. ಅವನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡ. ‘ನಮ್ಮಪ್ಪನ್ನ ತೊಳೆದಿದ್ದು ನೀವೇನಾ?’ ಅಂತ ಕೇಳಿದ. ಹೂಂ ಅಂದರು. ಬೇರೆ ಏನೂ ಮಾತಾಗಲಿಲ್ಲ. ನಾನು ದೂರದಲ್ಲೇ ನಿಂತಿದ್ದೆ.

ಹಾಸನಾಂಬ ದೇವಸ್ಥಾನದ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಊರೆಲ್ಲ ಜನ, ರಸ್ತೆಯೆಲ್ಲ ಬ್ಯಾರಿಕೇಡ್. ಅವತ್ತು ನಮ್ಮ ಗುಂಪೂ ಇತ್ತು. ಬಿಟ್ಟುಬಿಡೋಣವಾ ಅಂತ ಅಮ್ಮನಿಗೆ ಫೋನ್ ಮಾಡಿದೆ. ‘ಮೂರೇ ಜನ ಬಂದ್ರೂ ಕೂತ್ಕೊಳಿ. ಹೊತ್ತು ತಪ್ಪಿಸ್ಬೇಡಿ’ ಅಂದರು. ಮೂರೇ ಜನ ಬಂದರು, ಕೂತೆವು. ವಾರ್ಡಿನಲ್ಲಿ ಯಾವುದಕ್ಕೂ ಹೊತ್ತುಗೊತ್ತು ಇರುವುದಿಲ್ಲ. ಆ ಒಂದು ರೂಮಿನಲ್ಲಾದರೂ ಎರಡೂವರೆ ಅಂದರೆ ಎರಡೂವರೆ, ನಾಲ್ಕು ಅಂದರೆ ನಾಲ್ಕು ಅಂತ ಇದ್ದರೆ ಜನ ನಂಬಿ ಬರುತ್ತಾರೆ. ಇದು ನನಗೆ ಈಗ ಚೆನ್ನಾಗಿ ಗೊತ್ತು.

ತರಬೇತಿಯ ಕೊನೆಗೆ ಅಮ್ಮ ನಮ್ಮ ಗುಂಪಿಗೆ ಬಂದು ಕೂತರು. ಗುಂಪಿನವರನ್ನು ಮೊದಲೇ ಕೇಳಿ ಒಪ್ಪಿಸಿದ್ದೆ. ಮೂಲೆಯಲ್ಲಿ ಒಂದು ಸ್ಟೂಲು, ಮಡಿಲಲ್ಲಿ ಸಣ್ಣ ಪುಸ್ತಕ. ಅವತ್ತು ಕಿರಿಯ ಚಾಪ್ಲಿನ್ ತಂದ ವಿಷಯ ಚೆನ್ನಾಗಿ ನಡೆಯಿತು. ನಾನು ಜಾಸ್ತಿ ಮಾತಾಡಲಿಲ್ಲ, ಮೌನ ತುಂಬಿಸಲಿಲ್ಲ, ಎದ್ದು ಹೋಗಿ ಯಾರ ಹೆಗಲೂ ಹಿಡಿಯಲಿಲ್ಲ. ಎಲ್ಲರೂ ಹೋದ ಮೇಲೆ ಇಬ್ಬರೇ ಕೂತೆವು. ಚೆನ್ನಾಗಿತ್ತು ಅಂದರು. ಆಮೇಲೆ ಪುಸ್ತಕ ತೆರೆದು, ‘ಹದಿನೆಂಟನೇ ನಿಮಿಷಕ್ಕೆ ನೀವು ಬಗ್ಗಿ ಬಾಟಲಿ ತಗೊಂಡು ನೀರು ಕುಡಿದ್ರಿ. ಆಗ ಏನಾಯ್ತು?’ ಅಂತ ಕೇಳಿದರು.

ನೀರು ಕುಡಿದದ್ದೇ ನನಗೆ ನೆನಪಿರಲಿಲ್ಲ. ಮನೆಗೆ ಬಂದು ಅವತ್ತಿನದನ್ನು ಮೊದಲಿನಿಂದ ಬರೆಯುತ್ತಾ ಹೋದೆ. ಯಾರು ಏನು ಅಂದರು, ಆಮೇಲೆ ಯಾರು. ಮೂರನೇ ಪುಟಕ್ಕೆ ಆ ಜಾಗ ಸಿಕ್ಕಿತು. ಆಗಷ್ಟೇ ಆ ನರ್ಸ್ ಹುಡುಗಿ ತನ್ನ ಮಡಿಲ ಕಡೆ ನೋಡಿಕೊಂಡು, ಎರಡೂ ಕೈಯನ್ನು ಮತ್ತೆ ಅದೇ ರೀತಿ ಹಿಡಿದುಕೊಂಡಿದ್ದಳು.